ಕೆಲಸ ಕೇಳಲು ಯಾರು ಅರ್ಹರು?

ಸರ್ಕಾರದ ಹಣದಲ್ಲಿ ಬಡ ಕುಟುಂಬಗಳಿಗೆ ಕೆಲಸ ಒದಗಿಸುವ ಯೋಜನೆಗಳ ಚರ್ಚೆ ಬಹುಮಟ್ಟಿಗೆ ಎಷ್ಟು ದಿನದ ಕೆಲಸ, ಎಷ್ಟು ಕೂಲಿ, ಎಷ್ಟು ಕೋಟಿ ಅನುದಾನ ಎಂಬಲ್ಲಿಯೇ ನಿಂತುಬಿಡುತ್ತದೆ. ನಾನು ಇಂದು ಅದಕ್ಕೂ ಹಿಂದಿನ ಹಂತವನ್ನು, ಅಂದರೆ ಆ ಕೆಲಸ ಕೇಳಿ ಅರ್ಜಿ ಹಾಕುವ ಹಕ್ಕು ಯಾರಿಗಿದೆ ಎಂದು ತೀರ್ಮಾನಿಸುವ ನಿಯಮಗಳನ್ನು, ನಿಮ್ಮ ಮುಂದಿಡಲು ಬಯಸುತ್ತೇನೆ. ಅನುದಾನ ಎಷ್ಟೇ ದೊಡ್ಡದಿರಲಿ, ಯೋಜನೆಯಿಂದ ಹೊರಗುಳಿಯುವವರು ಯಾರು ಎಂಬುದು ಮಾರ್ಗಸೂಚಿಯ ಆರಂಭದ ನಾಲ್ಕಾರು ಸಾಲುಗಳಲ್ಲಿಯೇ ನಿಶ್ಚಯವಾಗಿರುತ್ತದೆ. ನಿಮ್ಮಲ್ಲಿ ಹಲವರು ಬಡಾವಣೆಗಳಲ್ಲಿ ಜನರಿಗೆ ಅರ್ಜಿ ತುಂಬಿಕೊಡುವ ಕೆಲಸ ಮಾಡುವವರಾದ್ದರಿಂದ ಆ ಸಾಲುಗಳ ಪರಿಣಾಮವನ್ನು ಕಣ್ಣಾರೆ ಕಂಡಿದ್ದೀರಿ.

ಇಂತಹ ನಿಯಮಗಳಲ್ಲಿ ಎರಡು ಬಗೆಗಳಿವೆ. ಒಂದು ಬಗೆಯ ನಿಯಮವು ಅರ್ಜಿದಾರರನ್ನು ‘ನೀವು ಬಡವರು ಎಂಬುದಕ್ಕೆ ದಾಖಲೆ ಏನು?’ ಎಂದು ಕೇಳುತ್ತದೆ. ಇನ್ನೊಂದು ‘ಈ ಕೂಲಿಗೆ ಈ ಕೆಲಸ ಮಾಡಲು ನೀವು ಸಿದ್ಧರಿದ್ದೀರಾ?’ ಎಂದಷ್ಟೇ ಕೇಳುತ್ತದೆ. ಎರಡನೆಯದು ಹೆಚ್ಚು ನ್ಯಾಯವಾದದ್ದು ಮತ್ತು ಬೆಂಗಳೂರಿನಂತಹ ನಗರಕ್ಕೆ ಅದೇ ಹೊಂದುವಂಥದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಅದೂ ತಾನಾಗಿಯೇ ನ್ಯಾಯವಾಗಿರುವುದಿಲ್ಲ. ಅದರ ಚರಿತ್ರೆಯಲ್ಲಿ ಘೋರವಾದ ಅಧ್ಯಾಯವೊಂದಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಮಹಾಕ್ಷಾಮದಲ್ಲಿ ಸರ್ಕಾರ ಪರಿಹಾರ ಕಾಮಗಾರಿಗಳನ್ನು ತೆರೆಯಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು ಎಂಬುದನ್ನು ನೆನೆದರೆ ಆ ವರ್ಷಗಳ ಭೀಕರತೆ ಅರ್ಥವಾಗುತ್ತದೆ. ನೆರೆಯ ಮದ್ರಾಸ್ ಪ್ರಾಂತ್ಯದಲ್ಲಿ ಕ್ಷಾಮದ ಖರ್ಚನ್ನು ಹತೋಟಿಯಲ್ಲಿಡಲು ನಿಯೋಜಿತರಾಗಿದ್ದ ಸರ್ ರಿಚರ್ಡ್ ಟೆಂಪಲ್ ವಯಸ್ಕ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದಾಣೆ ಎಂಬ ದರವನ್ನು ಗೊತ್ತುಮಾಡಿದರು. ಅದರ ಜೊತೆಗೆ ‘ದೂರದ ಪರೀಕ್ಷೆ’ಯೂ ಇತ್ತು. ನಿಜವಾಗಿಯೂ ಹಸಿದವನು ಮಾತ್ರ ಊರು ಬಿಟ್ಟು ಹಲವು ಮೈಲಿ ನಡೆದು ಬಂದಾನು, ಆದ್ದರಿಂದ ಕಾಮಗಾರಿಯನ್ನು ಮನೆಯ ಹತ್ತಿರ ಇಡಬಾರದು ಎಂಬುದು ಅದರ ತರ್ಕ. ಯಾರಿಂದಲೂ ದಾಖಲೆ ಕೇಳಲಿಲ್ಲ, ಯಾವ ಪಟ್ಟಿಯೂ ಇರಲಿಲ್ಲ. ಕೂಲಿಯ ಅಲ್ಪತೆ ಮತ್ತು ದಾರಿಯ ದೂರ ಇವೆರಡೇ ಅರ್ಹತೆಯನ್ನು ನಿರ್ಧರಿಸಿದವು. ನಡೆಯಲಾರದಷ್ಟು ಬಳಲಿದವರು, ಅಂದರೆ ನೆರವು ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದವರು, ಆ ಪರೀಕ್ಷೆಯಲ್ಲಿ ಸೋತರು.

ಆದ್ದರಿಂದ, ದುಡಿಯಲು ಸಿದ್ಧರಿದ್ದವರೆಲ್ಲ ಅರ್ಹರು ಎಂದು ಕಾಗದದ ಮೇಲೆ ಬರೆದ ಮಾತ್ರಕ್ಕೆ ಎಲ್ಲರಿಗೂ ಬಾಗಿಲು ತೆರೆಯುವುದಿಲ್ಲ. ಎಷ್ಟು ಕೂಲಿಗೆ, ಎಷ್ಟು ದೂರದಲ್ಲಿ, ಯಾವ ಬಗೆಯ ಕೆಲಸಕ್ಕೆ ಎಂಬ ಷರತ್ತುಗಳೂ ಅರ್ಹತೆಯ ನಿಯಮಗಳೇ ಆಗಿವೆ. ಮುಂದೆ ಹೇಳುವುದನ್ನೆಲ್ಲ ದಯವಿಟ್ಟು ಈ ದೃಷ್ಟಿಯಿಂದಲೇ ಗಮನಿಸಬೇಕು.

ಸ್ವತಂತ್ರ ಭಾರತದಲ್ಲಿ ಈ ತತ್ವವನ್ನು ಹಕ್ಕಿನ ರೂಪಕ್ಕೆ ತಂದದ್ದು ಮಹಾರಾಷ್ಟ್ರ. 1972ರ ಬರಗಾಲದಲ್ಲಿ ವಿಸ್ತಾರಗೊಂಡ ಅಲ್ಲಿನ ಉದ್ಯೋಗ ಖಾತರಿ ಯೋಜನೆಗೆ 1977ರಲ್ಲಿ ಕಾಯ್ದೆಯ ರೂಪ ಬಂದಿತು. ಅದರ ಅನುಭವದ ಮೇಲೆಯೇ 2005ರಲ್ಲಿ ಸಂಸತ್ತು ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯನ್ನು (ನರೇಗಾ) ಅಂಗೀಕರಿಸಿತು. 2006ರ ಫೆಬ್ರವರಿ 2ರಂದು 200 ಜಿಲ್ಲೆಗಳಲ್ಲಿ ಆರಂಭವಾದ ಅದು 2008ರ ಏಪ್ರಿಲ್ ವೇಳೆಗೆ ದೇಶದ ಎಲ್ಲ ಗ್ರಾಮೀಣ ಜಿಲ್ಲೆಗಳಿಗೆ ಹಬ್ಬಿತು.

ನರೇಗಾದ ಅರ್ಹತಾ ನಿಯಮವನ್ನು ಗಮನವಿಟ್ಟು ಓದಿದರೆ ಅದರ ಘನತೆ ತಿಳಿಯುತ್ತದೆ. ಗ್ರಾಮೀಣ ಪ್ರದೇಶದ ಕುಟುಂಬವಾಗಿರಬೇಕು, ಹದಿನೆಂಟು ತುಂಬಿರಬೇಕು, ಕೌಶಲವಿಲ್ಲದ ದೈಹಿಕ ಕೆಲಸಕ್ಕೆ ಸ್ವಯಿಚ್ಛೆಯಿಂದ ಮುಂದೆ ಬರಬೇಕು, ಇಷ್ಟೇ. ವರಮಾನದ ಮಿತಿಯಿಲ್ಲ, ಬಿಪಿಎಲ್ ಕಾರ್ಡಿನ ಷರತ್ತಿಲ್ಲ, ಜಾತಿ ಪ್ರಮಾಣಪತ್ರ ಬೇಕಿಲ್ಲ. ಟೆಂಪಲ್ ಅವರ ದೂರದ ಪರೀಕ್ಷೆಯನ್ನು ಈ ಕಾಯ್ದೆ ಸಂಪೂರ್ಣವಾಗಿ ತಿರುಗಿಸಿ ಹಾಕಿತು: ಕೆಲಸವು ಹಳ್ಳಿಯಿಂದ ಐದು ಕಿಲೋಮೀಟರ್ ಒಳಗೆ ಇರಬೇಕು, ಅದಕ್ಕಿಂತ ದೂರವಾದರೆ ಕೂಲಿಯ ಮೇಲೆ ಶೇಕಡ 10 ಹೆಚ್ಚುವರಿ ಕೊಡಬೇಕು. ಕನಿಷ್ಠ ಮೂರನೇ ಒಂದು ಭಾಗ ಮಹಿಳೆಯರಿಗೆ ಎಂದು ಕಾಯ್ದೆ ಹೇಳಿದ್ದರೂ ದೇಶದ ಒಟ್ಟು ಮಾನವ ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮಹಿಳೆಯರೇ ದುಡಿದಿದ್ದಾರೆ. ಕೆಲಸ ಮನೆಯ ಹತ್ತಿರ ಇದ್ದದ್ದು ಮತ್ತು ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿ ಇದ್ದದ್ದು ಇದಕ್ಕೆ ಮುಖ್ಯ ಕಾರಣ ಎಂದು ನಾನು ಭಾವಿಸುತ್ತೇನೆ.

ಇಲ್ಲಿ ಸ್ವಲ್ಪ ನಿಂತು ನಮೂನೆ 6ರ ಬಗ್ಗೆ ಹೇಳಬೇಕು. ಉದ್ಯೋಗ ಚೀಟಿ ಪಡೆದ ಕುಟುಂಬದವರು ಕೆಲಸ ಬೇಕಾದಾಗ ಗ್ರಾಮ ಪಂಚಾಯಿತಿಗೆ ಕೊಡುವ ಅರ್ಜಿ ಅದು. ಅರ್ಜಿ ಕೊಟ್ಟ 15 ದಿನಗಳೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು. ಮೊದಲ 30 ದಿನ ಕೂಲಿಯ ಕನಿಷ್ಠ ಕಾಲು ಭಾಗ, ಆಮೇಲೆ ಕನಿಷ್ಠ ಅರ್ಧ ಭಾಗ. ಆದರೆ 15 ದಿನಗಳ ಎಣಿಕೆ ಎಂದಿನಿಂದ ಆರಂಭವಾಗುತ್ತದೆ? ಸ್ವೀಕೃತಿ ಚೀಟಿಯ ಮೇಲಿನ ದಿನಾಂಕದಿಂದ. ಆ ಚೀಟಿ ಕೈಗೆ ಬಾರದಿದ್ದರೆ ಅರ್ಜಿ ಕೊಟ್ಟದ್ದೇ ದಾಖಲಾಗುವುದಿಲ್ಲ, ದಾಖಲಾಗದಿದ್ದರೆ ಭತ್ಯೆಯ ಪ್ರಶ್ನೆಯೇ ಏಳುವುದಿಲ್ಲ. ಉತ್ತರ ಕರ್ನಾಟಕದ ಕೂಲಿಕಾರರ ಸಂಘಟನೆಗಳು ‘ಸ್ವೀಕೃತಿ ಕೊಡಿ’ ಎಂದು ಪಂಚಾಯಿತಿ ಕಚೇರಿಗಳ ಮುಂದೆ ಕುಳಿತದ್ದು ಇದಕ್ಕಾಗಿ. ಅಂಗೈ ಅಗಲದ ಒಂದು ಹರಕು ಕಾಗದ, ಅದರ ಮೇಲೊಂದು ದಿನಾಂಕ ಮತ್ತು ಮೊಹರು. ಕಾಯ್ದೆ ಕೊಟ್ಟ ಹಕ್ಕು ಕಾರ್ಯರೂಪಕ್ಕೆ ಬರುವುದು ಅದರ ಮೂಲಕ.

ಕಾಲಕ್ರಮದಲ್ಲಿ ಮೂಲ ನಿಯಮ ಹಾಗೆಯೇ ಇದ್ದು ಅದರ ಸುತ್ತ ಬೇರೆ ಷರತ್ತುಗಳು ಬೆಳೆದವು. 2023ರ ಜನವರಿಯಿಂದ ಮೊಬೈಲ್ ಆ್ಯಪ್‌ನಲ್ಲಿ ದಿನಕ್ಕೆರಡು ಬಾರಿ ಫೋಟೊ ಸಹಿತ ಹಾಜರಿ ಕಡ್ಡಾಯವಾಯಿತು. 2024ರ ಜನವರಿಯಿಂದ ಆಧಾರ್ ಆಧಾರಿತ ಪಾವತಿ ಕಡ್ಡಾಯವಾಯಿತು. ಹೆಸರಿನ ಒಂದಕ್ಷರ ವ್ಯತ್ಯಾಸವಾದ ಕಾರಣಕ್ಕೆ ಕೂಲಿ ಸಿಗದೆ ಅಲೆಯುವವರ ಪಾಲಿಗೆ ಇವೂ ಅರ್ಹತೆಯ ಪರೀಕ್ಷೆಗಳೇ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾದ ಸ್ಥಾನಕ್ಕೆ ‘ವಿಬಿ-ಜಿ ರಾಮ್ ಜಿ’ ಎಂದು ಕರೆಯಲಾಗುವ ಹೊಸ ಕಾಯ್ದೆಯನ್ನು ತಂದಿತು. ಅದರಲ್ಲಿ ದಿನಗಳ ಸಂಖ್ಯೆ 100ರಿಂದ 125ಕ್ಕೆ ಏರಿದೆ, ದುಡಿಯಲು ಮುಂದೆ ಬರುವ ಗ್ರಾಮೀಣ ಕುಟುಂಬಕ್ಕೆ ಕೆಲಸ ಎಂಬ ಮೂಲ ಅರ್ಹತೆ ಉಳಿದಿದೆ. ಆದರೆ ಬಿತ್ತನೆ ಮತ್ತು ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನ ಕಾಮಗಾರಿ ನಿಲ್ಲಿಸಲು ಅವಕಾಶವಿದೆ, ಬಹುತೇಕ ರಾಜ್ಯಗಳು ವೆಚ್ಚದ ಶೇಕಡ 40ರಷ್ಟನ್ನು ಹೊರಬೇಕಾಗಿದೆ. ಜಮೀನಿಲ್ಲದ, ಸುಗ್ಗಿಯ ಕೆಲಸವೂ ಸಿಗದ ವಿಧವೆಯೊಬ್ಬಳಿಗೆ ಆ 60 ದಿನ ಏನು ಆಧಾರ ಎಂಬ ಪ್ರಶ್ನೆಗೆ ಉತ್ತರ ಬೇಕಾಗಿದೆ.

ಈಗ ಮೊದಲ ಬಗೆಗೆ, ಅಂದರೆ ಬಡತನಕ್ಕೆ ಪುರಾವೆ ಕೇಳುವ ನಿಯಮಗಳಿಗೆ ಬರುತ್ತೇನೆ. ಸಾಲ ಸಬ್ಸಿಡಿ, ಕೌಶಲ ತರಬೇತಿ, ನಿಗಮಗಳ ಸ್ವಯಂ ಉದ್ಯೋಗ ಯೋಜನೆ ಎಂದು ಯಾವುದನ್ನು ನೋಡಿದರೂ ಪಡಿತರ ಚೀಟಿ ಅಥವಾ ಆದಾಯ ಪ್ರಮಾಣಪತ್ರವೇ ಬಹುಪಾಲು ಹೆಬ್ಬಾಗಿಲು. ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ವರಮಾನ ₹1.20 ಲಕ್ಷ ಮೀರಬಾರದು. ಅದರ ಜೊತೆಗೆ ಮೂರು ಹೆಕ್ಟೇರ್‌ಗಿಂತ ಹೆಚ್ಚಿನ ಒಣಭೂಮಿ, ನಗರದಲ್ಲಿ ಸಾವಿರ ಚದರಡಿಗಿಂತ ದೊಡ್ಡ ಮನೆ, ಸ್ವಂತ ಬಳಕೆಯ ನಾಲ್ಕು ಚಕ್ರದ ವಾಹನ ಮುಂತಾದವುಗಳ ಷರತ್ತೂ ಇದೆ. ಇವು ಕೇಳಲು ಸಮಂಜಸವಾಗಿಯೇ ಇವೆ. ಲೆಕ್ಕ ಹಾಕಿದಾಗ ಮಾತ್ರ ತೊಡಕು ಕಾಣುತ್ತದೆ.

ದಿನಕ್ಕೆ ₹400 ದುಡಿಯುವ ಒಬ್ಬರು ತಿಂಗಳಿಗೆ 26 ದಿನ ಕೆಲಸಕ್ಕೆ ಹೋದರೆ ₹10,400 ಆಗುತ್ತದೆ, ವರ್ಷಕ್ಕೆ ₹1,24,800. ಮಿತಿ ದಾಟಿತು. ಬೆಂಗಳೂರಿನಲ್ಲಿ ಗಾರೆ ಕೆಲಸದ ಸಹಾಯಕರಿಗೂ ಇದಕ್ಕಿಂತ ಹೆಚ್ಚು ಕೂಲಿಯಿದೆ. ಗಂಡ, ಹೆಂಡತಿ ಇಬ್ಬರೂ ದುಡಿಯುವ, ಬಾಡಿಗೆಗೇ ದುಡಿಮೆಯ ದೊಡ್ಡ ಪಾಲು ಕಳೆದುಕೊಳ್ಳುವ ಕುಟುಂಬವು ಸತ್ಯವನ್ನೇ ಬರೆದುಕೊಟ್ಟರೆ ಬಡವರ ಪಟ್ಟಿಗೆ ಸೇರಲಾರದು. ಸರ್ಕಾರವೇ ನಿಗದಿಪಡಿಸಿದ ಕನಿಷ್ಠ ವೇತನವನ್ನು ವರ್ಷವಿಡೀ ಪ್ರಾಮಾಣಿಕವಾಗಿ ಪಡೆಯುವ ಕಾರ್ಮಿಕರು ಅದೇ ಸರ್ಕಾರದ ಬಡತನದ ವ್ಯಾಖ್ಯೆಯಿಂದ ಹೊರಗೆ ಬೀಳುತ್ತಾರೆ. ಅದೇ ವೇಳೆ ಆರ್ಥಿಕವಾಗಿ ದುರ್ಬಲ ವರ್ಗದ ಶೇಕಡ 10ರ ಮೀಸಲಾತಿಗೆ, ಕೇಂದ್ರ ಸರ್ಕಾರದ ನೌಕರಿಗಾಗಿ, ಕುಟುಂಬದ ವರಮಾನದ ಮಿತಿ ₹8 ಲಕ್ಷ. ಒಂದೇ ರಾಜ್ಯದಲ್ಲಿ, ಒಂದೇ ಕಂದಾಯ ಕಚೇರಿಯಿಂದ ಹೊರಡುವ ಎರಡು ಪ್ರಮಾಣಪತ್ರಗಳ ನಡುವೆ ಬಡತನದ ಅಳತೆ ಆರು ಪಟ್ಟಿಗೂ ಹೆಚ್ಚು ಬದಲಾಗುತ್ತದೆ.

ಇನ್ನು ಆ ಆದಾಯ ಪ್ರಮಾಣಪತ್ರ ಹೇಗೆ ಸಿದ್ಧವಾಗುತ್ತದೆ ಎಂಬುದನ್ನೂ ನೋಡಿ. ಸಂಬಳದ ಚೀಟಿ ಇಲ್ಲದವರ ವರಮಾನವನ್ನು ಯಾರೂ ಅಳೆದಿರುವುದಿಲ್ಲ. ಅರ್ಜಿದಾರರು ಒಂದು ಮೊತ್ತ ಹೇಳುತ್ತಾರೆ, ನಾಡಕಚೇರಿಯಿಂದ ಅರ್ಜಿ ಕಂದಾಯ ನಿರೀಕ್ಷಕರ ವರದಿಗೆ ಹೋಗುತ್ತದೆ, ತಹಶೀಲ್ದಾರರ ಹೆಸರಿನಲ್ಲಿ ಪತ್ರ ಬರುತ್ತದೆ. ನೀವು ಇಂತಹ ಪತ್ರಗಳನ್ನು ನೋಡಿರುವಿರಿ: ವರಮಾನವು ಯಾವಾಗಲೂ ದುಂಡಗಿನ ಅಂಕಿಯಾಗಿ, ಯಾವುದೋ ಯೋಜನೆಯ ಮಿತಿಗಿಂತ ತುಸು ಕೆಳಗೇ ಇರುತ್ತದೆ. ಇದಕ್ಕೆ ನಾನು ಅರ್ಜಿದಾರರನ್ನು ದೂಷಿಸಲಾರೆ. ಪ್ರತಿದಿನವೂ ಬದಲಾಗುವ ದುಡಿಮೆಗೆ ವರ್ಷದ ಮೊತ್ತವೊಂದನ್ನು ಕೇಳುವ ನಿಯಮವೇ ಈ ಅಂಕಿಯನ್ನು ಸೃಷ್ಟಿಸುತ್ತದೆ. ಹೀಗೆ ಬರೆಸಿಕೊಳ್ಳುವ ದಾರಿ ಗೊತ್ತಿದ್ದವರು ಒಳಗೆ ಬರುತ್ತಾರೆ, ಗೊತ್ತಿಲ್ಲದವರು ಕೌಂಟರಿನಿಂದ ಹಿಂದಿರುಗುತ್ತಾರೆ.

ನಗರದ ಬಡವರಿಗಾಗಿ ರೂಪಿಸಿದ ಯೋಜನೆಗಳ ಕಥೆ ಇನ್ನೂ ವಿಚಿತ್ರವಾಗಿದೆ. 1997ರ ಡಿಸೆಂಬರ್‌ನಲ್ಲಿ ಆರಂಭವಾದ ಸ್ವರ್ಣಜಯಂತಿ ಶಹರಿ ರೋಜ್‌ಗಾರ್ ಯೋಜನೆಯಲ್ಲಿ ಕೂಲಿ ಉದ್ಯೋಗದ ಒಂದು ಭಾಗವಿತ್ತು. ನಗರದ ಸಾರ್ವಜನಿಕ ಕಾಮಗಾರಿಗಳಲ್ಲಿ ಬಡವರಿಗೆ ಕೆಲಸ ಕೊಡುವ ಒಳ್ಳೆಯ ಉದ್ದೇಶ ಅದರದ್ದು. ಆದರೆ 1991ರ ಜನಗಣತಿಯಂತೆ ಐದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಪಟ್ಟಣಗಳಿಗೆ ಮಾತ್ರ ಅದು ಅನ್ವಯವಾಗುತ್ತಿತ್ತು. ಬೆಂಗಳೂರು ಒಂದೇ ಸಾಲಿನಿಂದ ಹೊರಗುಳಿಯಿತು. ಅದೇ ಯೋಜನೆಯ ಸ್ವಯಂ ಉದ್ಯೋಗ ಭಾಗದಲ್ಲಿ, ಒಂಬತ್ತನೇ ತರಗತಿಗಿಂತ ಹೆಚ್ಚು ಓದಿದವರಿಗೆ ನೆರವಿಲ್ಲ ಎಂಬ ನಿಯಮವಿತ್ತು. ಹೆಚ್ಚು ಓದಿದವರಿಗೆ 1993ರ ಪ್ರಧಾನಮಂತ್ರಿ ರೋಜ್‌ಗಾರ್ ಯೋಜನೆ ಇದೆ, ಎರಡೂ ಒಂದರ ಮೇಲೊಂದು ಬೀಳಬಾರದು ಎಂಬುದು ಕಾರಣ. ಆಡಳಿತದ ದೃಷ್ಟಿಯಿಂದ ಇದು ಅಚ್ಚುಕಟ್ಟು. ಆದರೆ ಕಷ್ಟಪಟ್ಟು ಎಸ್ಸೆಸ್ಸೆಲ್ಸಿವರೆಗೆ ಓದಿದ, ಹೊಲಿಗೆ ಯಂತ್ರ ಕೊಳ್ಳಲು ಹಣವಿಲ್ಲದ ಹೆಣ್ಣುಮಗಳೊಬ್ಬಳಿಗೆ ತನ್ನ ಓದೇ ಅನರ್ಹತೆಯಾಯಿತು. 2013ರಲ್ಲಿ ಇದರ ಜಾಗಕ್ಕೆ ರಾಷ್ಟ್ರೀಯ ನಗರ ಜೀವನೋಪಾಯ ಮಿಷನ್ ಬಂದಾಗ ಕೂಲಿ ಉದ್ಯೋಗದ ಭಾಗವೇ ಮಾಯವಾಯಿತು; ಸ್ವಸಹಾಯ ಗುಂಪು, ತರಬೇತಿ, ಬಡ್ಡಿ ರಿಯಾಯಿತಿಯ ಸಾಲ ಉಳಿದವು.

ಬೀದಿ ವ್ಯಾಪಾರಿಗಳಿಗಾಗಿ 2020ರ ಜೂನ್‌ನಲ್ಲಿ ಬಂದ ಪಿಎಂ ಸ್ವನಿಧಿಯಲ್ಲಿ ಮೊದಲ ಸಾಲ ₹10,000 ಇತ್ತು. ಗುರುತಿನ ಚೀಟಿಯಿಲ್ಲದ, ಸಮೀಕ್ಷೆಯಲ್ಲಿ ತಪ್ಪಿಹೋದ ವ್ಯಾಪಾರಿಗಳು ಸ್ಥಳೀಯ ಸಂಸ್ಥೆಯ ಶಿಫಾರಸು ಪತ್ರದ ಮೇಲೆ ಅರ್ಜಿ ಹಾಕಬಹುದು ಎಂಬ ಅವಕಾಶ ಅದರ ಅತ್ಯುತ್ತಮ ಅಂಶ. ಸಮೀಕ್ಷೆಯ ಲೋಪಕ್ಕೆ ಬಡವರು ದಂಡ ತೆರಬೇಕಾಗಿಲ್ಲ ಎಂದು ಸರ್ಕಾರವೇ ಒಪ್ಪಿದ ಅಪರೂಪದ ಉದಾಹರಣೆ ಇದು, ಇದನ್ನು ನಾವು ಬೇರೆ ಯೋಜನೆಗಳಲ್ಲಿಯೂ ಕೇಳಬೇಕು.

ಈಗ ನಮ್ಮ ನಗರದ ಹೊರವಲಯದ ಯಾವುದಾದರೂ ಕೂಲಿ ಅಡ್ಡೆಯನ್ನು ನೆನಪಿಗೆ ತಂದುಕೊಳ್ಳಿ. ಬೆಳಿಗ್ಗೆ ಏಳರ ಹೊತ್ತಿಗೆ ಬುತ್ತಿ ಹಿಡಿದು ಮೇಸ್ತ್ರಿಯ ದಾರಿ ಕಾಯುವವರಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರು ಬಹಳ. ಅಲ್ಲಿ ನಿಂತ ಒಬ್ಬ ಹೆಣ್ಣುಮಗಳು ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟುಕೊಂಡ ಕಾಗದಗಳನ್ನು ಒಂದೊಂದಾಗಿ ಬಿಡಿಸೋಣ. ಊರಿನ ಪಂಚಾಯಿತಿ ಕೊಟ್ಟ ಉದ್ಯೋಗ ಚೀಟಿ ಇದೆ, ಅದು ಇಲ್ಲಿ ನಡೆಯುವುದಿಲ್ಲ. ಊರಿನ ವಿಳಾಸದ ಪಡಿತರ ಚೀಟಿ ಇದೆ, ಅಕ್ಕಿಯನ್ನು ಇಲ್ಲಿಯೂ ಪಡೆಯಬಹುದು, ಕೆಲಸವನ್ನು ಪಡೆಯಲಾಗದು. ಇ-ಶ್ರಮ್ ಕಾರ್ಡ್ ಇದೆ. 2021ರಲ್ಲಿ ಆರಂಭವಾದ ಆ ನೋಂದಣಿ ಆಕೆಯನ್ನು ಅಸಂಘಟಿತ ಕಾರ್ಮಿಕಳು ಎಂದು ಗುರುತಿಸುತ್ತದೆ, ಒಂದು ದಿನದ ಕೂಲಿಯನ್ನೂ ಖಾತರಿ ಮಾಡುವುದಿಲ್ಲ. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಮಾತ್ರ ಇಲ್ಲ. 1996ರ ಕಾಯ್ದೆಯ ಕಾಲದಿಂದ ಬಂದ ನಿಯಮದ ಪ್ರಕಾರ ಅದಕ್ಕೆ ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಆಕೆ ಮಾಡಿದ್ದಾಳೆ, ಆದರೆ ದಿನಕ್ಕೊಬ್ಬ ಮೇಸ್ತ್ರಿಯ ಕೈಕೆಳಗೆ ಮಾಡಿದ ಕೆಲಸವನ್ನು ದೃಢೀಕರಿಸಿ ಸಹಿ ಹಾಕುವವರು ಯಾರು? ನಕಲಿ ಕಾರ್ಡುಗಳ ಹಾವಳಿ ಇರುವುದು ನಿಜ, ಅದಕ್ಕಾಗಿ ದೃಢೀಕರಣವನ್ನು ಬಿಗಿ ಮಾಡಿದ್ದೂ ನಿಜ. ಆದರೆ ಬಿಗಿಯಾದ ನಿಯಮದ ಭಾರ ಬಿದ್ದದ್ದು ಕಾರ್ಡ್ ಮಾರಿದ ದಲ್ಲಾಳಿಗಿಂತ ಹೆಚ್ಚಾಗಿ ಈ ಹೆಣ್ಣುಮಗಳ ಮೇಲೆ.

ಊರಿನಲ್ಲಿ ಆಕೆಗೆ ಹಕ್ಕಿದೆ, ಆದರೆ ಆಕೆ ಅಲ್ಲಿಲ್ಲ. ಇಲ್ಲಿ ಆಕೆ ಇದ್ದಾಳೆ, ಆದರೆ ಹಕ್ಕಿಲ್ಲ. ಈ ಸ್ಥಿತಿ ಅನಿವಾರ್ಯವೇನಲ್ಲ. ಕೇರಳವು 2010ರಲ್ಲಿಯೇ ಅಯ್ಯನ್‌ಕಾಳಿ ನಗರ ಉದ್ಯೋಗ ಖಾತರಿ ಯೋಜನೆಯನ್ನು ಆರಂಭಿಸಿತು. ಕೋವಿಡ್ ಕಾಲದಲ್ಲಿ, 2020ರಲ್ಲಿ, ಹಿಮಾಚಲ ಪ್ರದೇಶ, ಒಡಿಶಾ ಮತ್ತು ಜಾರ್ಖಂಡ್ ನಗರವಾಸಿಗಳಿಗೆ ಉದ್ಯೋಗ ಯೋಜನೆಗಳನ್ನು ತಂದವು. ರಾಜಸ್ಥಾನವು 2022ರ ಸೆಪ್ಟೆಂಬರ್‌ನಲ್ಲಿ 100 ದಿನಗಳ ನಗರ ಉದ್ಯೋಗ ಖಾತರಿಯನ್ನು ಜಾರಿಗೆ ತಂದಿತು. ಅಲ್ಲಿ ವರಮಾನದ ಮಿತಿಗಿಂತ ಮುಖ್ಯವಾದದ್ದು ಆ ರಾಜ್ಯದ ಜನಾಧಾರ್ ಕಾರ್ಡ್, ಅಂದರೆ ವಾಸದ ದಾಖಲೆ. ಬೇರೆ ರಾಜ್ಯಗಳಿಂದ ಬಂದ ವಲಸೆ ಕಾರ್ಮಿಕರಿಗೆ ಅದೇ ಅಡ್ಡಿಯಾಗುತ್ತದೆ ಎಂಬುದನ್ನು ನಾವು ನಮ್ಮ ನಗರಕ್ಕೆ ನಿಯಮ ಬರೆಯುವಾಗ ನೆನಪಿಡಬೇಕು.

ಕುಟುಂಬ ಎಂದರೆ ಯಾರು ಎಂಬ ವಿಷಯವೂ ಇದೆ. ರಕ್ತ, ವಿವಾಹ ಅಥವಾ ದತ್ತು ಸಂಬಂಧವಿದ್ದು, ಸಾಮಾನ್ಯವಾಗಿ ಒಟ್ಟಿಗೆ ವಾಸಿಸಿ ಒಟ್ಟಿಗೆ ಉಣ್ಣುವವರು ಅಥವಾ ಒಂದೇ ಪಡಿತರ ಚೀಟಿ ಹೊಂದಿರುವವರು ಎಂದು 2005ರ ಕಾಯ್ದೆ ಹೇಳಿತು. ಕೆಲಸದ ದಿನಗಳು ಕುಟುಂಬಕ್ಕೆ ಸೇರಿದ್ದರಿಂದ ನಾಲ್ವರು ವಯಸ್ಕರಿರುವ ಮನೆಗೂ ಒಬ್ಬಂಟಿ ಹೆಂಗಸಿಗೂ ಅದರಲ್ಲಿ ಅದೇ 100 ದಿನ ಇತ್ತು. ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, 1935ರಲ್ಲಿ, ಆರಂಭವಾದ ವರ್ಕ್ಸ್ ಪ್ರೋಗ್ರೆಸ್ ಅಡ್ಮಿನಿಸ್ಟ್ರೇಷನ್ ಲಕ್ಷಾಂತರ ಜನರಿಗೆ ಸರ್ಕಾರದ ಹಣದಿಂದ ಕೆಲಸ ಕೊಟ್ಟಿತು. ಆದರೆ ಸ್ಥಳೀಯ ಪರಿಹಾರ ಕಚೇರಿ ದೃಢೀಕರಿಸಿದ ಕುಟುಂಬದಿಂದ ಒಬ್ಬರಿಗೆ ಮಾತ್ರ ಎಂಬ ನಿಯಮದಿಂದಾಗಿ ಗಂಡನಿರುವ ಮನೆಯ ಹೆಂಗಸರು ಬಹುತೇಕ ಹೊರಗುಳಿದರು. ಬೆಂಗಳೂರಿನಲ್ಲಿ ಊರಿನಿಂದ ಒಬ್ಬರೇ ಬಂದು ಐದಾರು ಜನರೊಡನೆ ಶೆಡ್ಡಿನಲ್ಲಿ ವಾಸಿಸುವವರು ಕುಟುಂಬದ ಯಾವ ವ್ಯಾಖ್ಯೆಗೂ ಹೊಂದುವುದಿಲ್ಲ. ಆದ್ದರಿಂದ ನಗರದಲ್ಲಿ ಹಕ್ಕು ಕುಟುಂಬಕ್ಕಲ್ಲದೆ ವ್ಯಕ್ತಿಗೆ ಸೇರಬೇಕು ಎಂದು ನಾನು ವಾದಿಸುತ್ತೇನೆ.

ವರಮಾನದ ಮಿತಿ ತೆಗೆದರೆ ಉಳ್ಳವರು ನುಗ್ಗುವುದಿಲ್ಲವೇ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ ₹370 ಇತ್ತು. ಆ ಕೂಲಿಗೆ ಬಿಸಿಲಿನಲ್ಲಿ ರಾಜಕಾಲುವೆಯ ಹೂಳೆತ್ತಲು ಕಾರು ಇರುವವರು ಬರುವುದಿಲ್ಲ. ಹೊರಗಿನವರು ನುಸುಳುವ ಭಯಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ದೈಹಿಕ ಶ್ರಮವನ್ನೇ ಅರ್ಹತೆ ಮಾಡಿದಾಗ ಬಳಲಿದವರು, ಅಂಗವಿಕಲರು, ಬಾಣಂತಿಯರು ಹೊರಗೆ ಉಳಿಯುವರೆಂಬ ಚಿಂತೆ. ಅದಕ್ಕಾಗಿ ಕೆಲಸಗಳ ಪಟ್ಟಿಯನ್ನೇ ಅಗಲ ಮಾಡಬೇಕು: ಕೆರೆಯಂಗಳದ ನಿರ್ವಹಣೆ, ಸಸಿಗಳ ಪಾಲನೆ, ಶಾಲೆಯ ಅಡುಗೆಮನೆ, ಅಂಗನವಾಡಿಯಲ್ಲಿ ಸಹಾಯ, ವಾರ್ಡ್ ಕಚೇರಿಯ ದಾಖಲೆಗಳ ಜೋಡಣೆ.

ವಾಸದ ಪುರಾವೆಗೆ ಬಾಡಿಗೆ ಕರಾರು ಕೇಳಬಾರದು, ಏಕೆಂದರೆ ಶೆಡ್ಡಿಗೆ ಕರಾರು ಯಾರೂ ಬರೆಯುವುದಿಲ್ಲ. ಮಗುವಿನ ಶಾಲಾ ದಾಖಲಾತಿ, ಆರೋಗ್ಯ ಕೇಂದ್ರದ ತಾಯಿ ಕಾರ್ಡ್, ಕಾರ್ಮಿಕ ಸಂಘದ ಅಥವಾ ಕಾರ್ಮಿಕ ನಿರೀಕ್ಷಕರ ಪತ್ರ, ಇವುಗಳಲ್ಲಿ ಯಾವುದೊಂದಾದರೂ ಸಾಕಾಗಬೇಕು. ಪಾಲಿಕೆಗೆ ಸಂದೇಹವಿದ್ದರೆ ನಿಗದಿತ ದಿನಗಳೊಳಗೆ ಅದೇ ವಿಚಾರಿಸಿ ಕಾರಣವನ್ನು ಬರಹದಲ್ಲಿ ಕೊಡಬೇಕು, ಅಲ್ಲಿಯವರೆಗೆ ಅರ್ಜಿದಾರರನ್ನು ಅರ್ಹರೆಂದೇ ಎಣಿಸಬೇಕು. ಅರ್ಜಿ ಪಡೆದ ಕ್ಷಣದಲ್ಲಿಯೇ ದಿನಾಂಕವಿರುವ ಸ್ವೀಕೃತಿ ಕೊಡುವುದನ್ನು ನಿಯಮದಲ್ಲಿಯೇ ಬರೆಯಬೇಕು, ಮತ್ತು ಆ ಕೌಂಟರ್ ಪ್ರತಿ ವಾರ್ಡಿನಲ್ಲಿಯೂ ಸಂಜೆ ಏಳರ ನಂತರ ತೆರೆದಿರಬೇಕು. ಬೆಳಿಗ್ಗೆ ಹನ್ನೊಂದಕ್ಕೆ ತೆರೆದು ಸಂಜೆ ಐದಕ್ಕೆ ಮುಚ್ಚುವ ಕಚೇರಿಯಲ್ಲಿ ಕೆಲಸ ಕೇಳಲು ಬರುವ ಕೂಲಿಕಾರರು ಅರ್ಜಿ ಕೊಡುವುದಕ್ಕಾಗಿಯೇ ಒಂದು ದಿನದ ದುಡಿಮೆ ಕಳೆದುಕೊಳ್ಳಬೇಕಾಗುತ್ತದೆ.